ಓದುಗರ ಪ್ರಶ್ನೆ: ಥಾರ್ ದಾರಿಯಲ್ಲಿ ಎಲ್ಲೆಲ್ಲಿ ಕಾರು ನಿಲ್ಲಿಸಬೇಕು?

ಪ್ರಶ್ನೆ: ಬರುವ ಡಿಸೆಂಬರ್‌ನಲ್ಲಿ ಮನೆಮಂದಿ ಐವರು ರಾಜಸ್ಥಾನಕ್ಕೆ ಹೋಗಿ, ಜೋಧ್‌ಪುರ, ಜೈಸಲ್ಮೇರ್, ಬಿಕಾನೇರ್ ಕಡೆ ಬಾಡಿಗೆ ಕಾರಿನಲ್ಲಿ ಸುತ್ತಬೇಕೆಂದಿದ್ದೇವೆ. ಕೋಟೆ, ಅರಮನೆಗಳ ಪಟ್ಟಿಯನ್ನು ಎಲ್ಲರೂ ಕೊಡುತ್ತಾರೆ. ಪಕ್ಕದಲ್ಲೇ ಮೈಸೂರನ್ನಿಟ್ಟುಕೊಂಡವರಿಗೆ ಅರಮನೆ ಹೊಸದಲ್ಲ. ದಾರಿಬದಿಯಲ್ಲಿ ನಿಲ್ಲಿಸಿ ನೋಡುವಂಥ ವಿಚಿತ್ರ ಜಾಗಗಳಿದ್ದರೆ ತಿಳಿಸುವಿರಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೈಸೂರಿನಿಂದ ಅಜ್ಮೀರಕ್ಕೆ ನೇರ ರೈಲು ಇರುವುದರಿಂದ, ಕಾರನ್ನು ಅಲ್ಲಿಯೇ ಗೊತ್ತು ಮಾಡಿಕೊಂಡು ಬ್ಯಾವರ್, ಪಾಲಿ ಮಾರ್ಗವಾಗಿ ಜೋಧ್‌ಪುರಕ್ಕೆ ಹೊರಡಿ. ಪಾಲಿ ದಾಟಿ ಸುಮಾರು 20 ಕಿ.ಮೀ. ಹೋದರೆ, ಚೋಟಿಲಾ ಎಂಬ ಹಳ್ಳಿಯ ಬಳಿ, ಹೆದ್ದಾರಿಯ ಪಕ್ಕದಲ್ಲೇ ಬುಲೆಟ್ ಬೈಕಿಗೆ ಪೂಜೆ ಸಲ್ಲುವ ಗುಡಿಯೊಂದು ಸಿಗುತ್ತದೆ. 1988ರಲ್ಲಿ ಓಂ ಸಿಂಗ್ ರಾಠೋಡ್ ಎಂಬ ಯುವಕ ಇಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡನು. ಪೊಲೀಸರು ಠಾಣೆಗೆ ಒಯ್ದ ಬೈಕು ಮರುದಿನ ಅಪಘಾತದ ಜಾಗದಲ್ಲೇ ನಿಂತಿತ್ತು, ಪೆಟ್ರೋಲ್ ಬರಿದು ಮಾಡಿ ಸರಪಳಿ ಬಿಗಿದಿಟ್ಟರೂ ಮತ್ತೆ ಅಲ್ಲಿಗೇ ಮರಳಿತು ಎಂಬುದು ಜನರ ನಂಬಿಕೆ. ಆರ್‌ಎನ್‌ಜೆ 7773 ಸಂಖ್ಯೆಯ ಆ ಬುಲೆಟ್ ಈಗ ಹೂಮಾಲೆ ಹೊತ್ತು ಗಾಜಿನ ಮರೆಯಲ್ಲಿದೆ. ಪಕ್ಕದ ಮರದ ತುಂಬ ಹರಕೆಯ ದಾರಗಳು. ವಾಹನ ಚಾಲಕರು ಇಲ್ಲಿ ಮದ್ಯವನ್ನೂ ಅರ್ಪಿಸುತ್ತಾರೆ. ರಸ್ತೆಯಲ್ಲಿ ಕಾಯುವ ದೇವರಿಗೆ ಇಂಥ ನೈವೇದ್ಯವೇ ಎಂದು ನಗು ಬಂದರೆ, ನಮ್ಮ ಕಡೆಯ ಮುನೇಶ್ವರನನ್ನು ನೆನೆದು, ಆ ನಗುವನ್ನು ಕಾರಿನೊಳಗೇ ಮುಗಿಸಿಕೊಂಡು ಇಳಿಯಿರಿ.

ಜೋಧ್‌ಪುರದಿಂದ ಜೈಸಲ್ಮೇರ್‌ಗೆ ನೇರವಾಗಿ ಹೋಗದೆ ಫಲೋದಿಯ ಕಡೆಗೆ ತಿರುಗಿ, ಅಲ್ಲಿಗೆ ಸಮೀಪದ ಖೀಚನ್ ಹಳ್ಳಿಯನ್ನು ನೋಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಹಿಂದಿನ ಮರಗಳಲ್ಲಿ ಗೂಡು ಕಟ್ಟುವುದನ್ನು ಕಂಡ ನಿಮಗೆ ಈ ಊರು ಬಂಧುವಿನಂತೆ ಕಾಣಬಹುದು. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ, ಸ್ಥಳೀಯರು ಕುರ್ಜಾ ಎಂದು ಕರೆಯುವ ನೀಳಗಾಲಿನ ಹಕ್ಕಿಗಳಿಗೆ ಇಲ್ಲಿನ ಜನರು ದಶಕಗಳಿಂದ ಬೇಲಿ ಹಾಕಿದ ಅಂಗಳವೊಂದರಲ್ಲಿ ಕಾಳು ಚೆಲ್ಲುತ್ತ ಬಂದಿದ್ದಾರೆ. ಹಕ್ಕಿಗಳು ಬೆಳಗ್ಗೆಯೇ ಕಾಳಿಗೆ ಇಳಿಯುವುದರಿಂದ ಹಿಂದಿನ ರಾತ್ರಿ ಫಲೋದಿಯಲ್ಲಿ ಉಳಿಯುವುದು ಲೇಸು. ಮಧ್ಯಾಹ್ನ ತಲುಪಿದರೆ ಖಾಲಿ ಅಂಗಳವನ್ನು ನೋಡಿ ಬರಬೇಕಾದೀತು.

ಜೈಸಲ್ಮೇರ್‌ನಲ್ಲಿ ಒಂಟೆ ಸವಾರಿಯ ಗದ್ದಲಕ್ಕಿಂತ ಎರಡು ಜಾಗಗಳನ್ನು ನಾನು ಮುಂದಿಡುತ್ತೇನೆ. ಬಾರ್ಮೇರ್ ರಸ್ತೆಯಲ್ಲಿ 17 ಕಿ.ಮೀ. ದೂರದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ. ಕಬ್ಬಿಣದ ಜಾಲರಿ, ಮೇಲೊಂದು ತಗಡಿನ ಸೂರು, ಒಳಗೊಂದು ಕಂದು ಬಣ್ಣದ ದಿಮ್ಮಿ: ಮೊದಲ ನೋಟಕ್ಕೆ ಕೋಳಿಗೂಡಿನಲ್ಲಿ ಯಾರೋ ಸೌದೆ ಕೂಡಿಟ್ಟಂತೆ ತೋರುತ್ತದೆ. ಬೇಸರಿಸದೆ ಬಗ್ಗಿ ನೋಡಿದರೆ ಕಲ್ಲಿನಲ್ಲಿ ಮರದ ಎಳೆ ಕಾಣುತ್ತದೆ. ಈ ಒಣನೆಲದಲ್ಲಿ ಒಂದು ಕಾಲಕ್ಕೆ ಕಾಡಿತ್ತೆಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು, ಪಶ್ಚಿಮಕ್ಕೆ ಸುಮಾರು 18 ಕಿ.ಮೀ. ದೂರದ ಕುಲಧರಾ. ಪಾಲೀವಾಲ ಬ್ರಾಹ್ಮಣರು 19ನೇ ಶತಮಾನದ ಆರಂಭದ ಹೊತ್ತಿಗೆ ತೊರೆದುಹೋದ ಈ ಊರಿನಲ್ಲಿ ಈಗ ಸೂರಿಲ್ಲದ ಗೋಡೆಗಳ ಸಾಲುಗಳಿವೆ. ದಿವಾನ ಸಾಲಿಂ ಸಿಂಗನ ಕಾಟ ತಾಳದೆ ಅವರು ಒಂದೇ ರಾತ್ರಿಯಲ್ಲಿ ಹೊರಟರು, ಇಲ್ಲಿ ಇನ್ಯಾರೂ ನೆಲೆಸದಿರಲಿ ಎಂದು ಶಪಿಸಿದರು ಎನ್ನುತ್ತದೆ ಕಥೆ. ಇದನ್ನು ದೆವ್ವದ ಊರೆಂದು ಮಾರ್ಗದರ್ಶಿಗಳು ಬಣ್ಣಿಸುತ್ತಾರಾದರೂ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪವನ್ನು ಕೇಳಿ ಬೆಳೆದ ನಮಗೆ ದೆವ್ವಕ್ಕಿಂತ ಶಾಪವೇ ಹೆಚ್ಚು ಪರಿಚಿತ. ತಲಕಾಡಿನ ಮರಳಿಗೆ ಕಾವೇರಿಯ ಮೇಲ್ಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟನ್ನು ತಜ್ಞರು ಕಾರಣವಾಗಿ ತೋರಿಸುವಂತೆ, ಕುಲಧರಾ ಬರಿದಾದುದಕ್ಕೆ ಬತ್ತಿದ ನೀರನ್ನು ಕಾರಣವಾಗಿ ಹೇಳುವವರಿದ್ದಾರೆ. ಅಲ್ಲಿನ ಬಾವಿಯನ್ನು ಮರೆಯದೆ ನೋಡಿ.

ಸಮಯವಿದ್ದರೆ ಸುಮಾರು 120 ಕಿ.ಮೀ. ಆಚೆ, ಗಡಿಯ ಬಳಿಯ ತನೋಟ್ ಮಾತೆಯ ಗುಡಿಗೆ ಹೋಗಬಹುದು. 1965ರ ಯುದ್ಧದಲ್ಲಿ ಬಿದ್ದೂ ಸಿಡಿಯದ ಬಾಂಬುಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ, ಗುಡಿಯನ್ನು ನೋಡಿಕೊಳ್ಳುವವರು ಗಡಿ ಭದ್ರತಾ ಪಡೆಯವರು. ಪೆಟ್ರೋಲನ್ನು ಜೈಸಲ್ಮೇರ್‌ನಲ್ಲೇ ತುಂಬಿಸಿಕೊಳ್ಳಿ.

ಪ್ರಶ್ನೆ: ಬಿಕಾನೇರ್ ಬಳಿ ಇಲಿಗಳ ದೇವಸ್ಥಾನವಿದೆಯಂತೆ. ಚಿಕ್ಕ ಮಕ್ಕಳನ್ನು ಕರೆದೊಯ್ಯಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲಿ ಕಂಡರೆ ಕಿರುಚುವ ಮಗುವಾದರೆ ಬೇಡ. ಬಿಕಾನೇರ್‌ನಿಂದ 30 ಕಿ.ಮೀ. ದೂರದ ದೇಶನೋಕ್‌ನ ಕರಣಿ ಮಾತೆಯ ಗುಡಿಯಲ್ಲಿ ಸಾವಿರಾರು ಇಲಿಗಳು ಹಾಲಿನ ಬೋಗುಣಿಯ ಸುತ್ತ ಮುತ್ತಿಕೊಂಡು ಕುಡಿಯುತ್ತವೆ, ಕಾಲ ಮೇಲೆಯೇ ಓಡಾಡುತ್ತವೆ. ಅವುಗಳನ್ನು ದೇವಿಯ ವಂಶದವರೆಂದು ಭಕ್ತರು ಭಾವಿಸುವುದರಿಂದ, ಅಪ್ಪಿತಪ್ಪಿ ತುಳಿದು ಒಂದು ಸತ್ತರೂ ಬೆಳ್ಳಿಯ ಇಲಿಯನ್ನು ಒಪ್ಪಿಸಬೇಕೆಂಬ ವಾಡಿಕೆಯಿದೆ. ಹೀಗಾಗಿ ಒಳಗೆ ಪಾದ ಎತ್ತಿಡದೆ ಎಳೆದುಕೊಂಡು ನಡೆಯುವುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಚಪ್ಪಲಿ ಹೊರಗೆ ಬಿಡಬೇಕಾದ್ದರಿಂದ, ಬಳಿಕ ಎಸೆಯಲು ಅಡ್ಡಿಯಿಲ್ಲದ ಹಳೆಯ ಕಾಲುಚೀಲವೊಂದು ಚೀಲದಲ್ಲಿರಲಿ.