14ನೇ ಪುಟದಲ್ಲೇ ನಿಂತ ಪುಸ್ತಕ

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಬಂದು ಒಂದು ವಾರ ಆಯಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ನಿಮ್ಮ ಹಾಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ನಮ್ಮ ಓದುಗರಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ.

ನಿಮ್ಮ ಯಜಮಾನರಿಗೆ ವಾರಕ್ಕೆ 2 ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ 4 ಗಂಟೆ. ಕಾಯುವಾಗ ಓದೋಣ ಎಂದು ಜನವರಿಯಲ್ಲಿ ಬ್ಯಾಗಿಗೆ ಹಾಕಿಕೊಂಡ ಕಾದಂಬರಿ ಇನ್ನೂ 14ನೇ ಪುಟದಲ್ಲೇ ಇದೆ. "ಸಮಾಧಾನ ಹೇಳುವ ಪುಸ್ತಕ ಬೇಡ, ಅಂಥವನ್ನು ಆಗಲೇ ನಾಲ್ಕು ಜನ ತಂದುಕೊಟ್ಟಿದ್ದಾರೆ. ನಿಮಗೆ ಕಷ್ಟ ಬಂದ ವರ್ಷ ನೀವೇನು ಓದಿದಿರಿ, ಅದನ್ನು ಹೇಳಿ" ಎಂದು ಕೇಳಿದ್ದೀರಿ.

ನನಗದು 2020. ಫೆಬ್ರವರಿಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮುಗಿಸಿ ಮನೆಗೆ ಕರೆದುಕೊಂಡು ಬಂದ ಕೆಲವೇ ದಿನಕ್ಕೆ ಮಾರ್ಚ್ 25, ಇಡೀ ದೇಶಕ್ಕೇ ಬೀಗ. ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಬರುವ ಹಾಗಿಲ್ಲ. ಪ್ರೆಸ್ ನಿಂತಿತು. ಅಮ್ಮ ಮತ್ತೆ ಎದ್ದು ಓಡಾಡಲೇ ಇಲ್ಲ. ನವೆಂಬರಿನಲ್ಲಿ ಹೋದಳು.

ಮೊದಲ ಎರಡು ತಿಂಗಳು ನನಗೂ ಓದಲು ಆಗಲಿಲ್ಲ ಅಕ್ಕಾ. ಓದುವುದೇ ನನ್ನ ಕಸುಬು. ಆದರೂ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅನ್ನೋದೇ ಮರೆತುಹೋಗಿರುತ್ತಿತ್ತು. ಆ 14ನೇ ಪುಟಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ.

ಮತ್ತೆ ಓದು ಹಿಡಿಸಿದ್ದು ತೇಜಸ್ವಿಯವರ ‘ಕರ್ವಾಲೋ’. 1980ರ ಪುಸ್ತಕ, ಕಾಲೇಜಿನಲ್ಲಿದ್ದಾಗ ಓದಿದ್ದೆ. ಆಗ ನನಗೆ ಹಾರುವ ಓತಿಯೇ ಮುಖ್ಯವಾಗಿತ್ತು. ಈ ಸಲ ಓತಿ ಬರುವವರೆಗೆ ಕಾಯಲೇ ಇಲ್ಲ, ಮಂದಣ್ಣನ ಹತ್ತಿರವೇ ನಿಂತುಬಿಟ್ಟೆ. ಜೇನು ಅವನಿಗೆ ಗೊತ್ತು, ಕಾಡು ಗೊತ್ತು. ಊರಿನವರ ಕಣ್ಣಿಗೆ ದಂಡಪಿಂಡ, ವಿಜ್ಞಾನಿಯ ಕಣ್ಣಿಗೆ ರತ್ನ. ಮಾತ್ರೆ, ಬೆಡ್‌ಪ್ಯಾನು, ಗಂಜಿ ಅಂತ ದಿನ ದೂಡುತ್ತಿದ್ದ ನನಗೆ, ಒಬ್ಬ ಮನುಷ್ಯ ಜೇನಿನ ಹಿಂದೆ ಹೀಗೆ ಮೈಮರೆತು ಓಡಾಡುವುದನ್ನು ನೋಡಿ ಎಷ್ಟು ಹಿತವಾಯಿತು ಅಂದರೆ, ದಿನಕ್ಕೆ ನಾಲ್ಕೇ ಪುಟ ಓದಿದರೂ ಸಾಕಾಗುತ್ತಿತ್ತು.

ಆಮೇಲೆ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’. ಡಿ.ವಿ.ಜಿ.ಯವರ ಮಗ, ಮದ್ರಾಸಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಹುಡುಗರನ್ನು ಕರೆದುಕೊಂಡು ಕಾಡು ಸುತ್ತಿದ ಕಥೆ, ಗಿಡಗಳ ಚಿತ್ರಗಳನ್ನೂ ಅವರೇ ಬರೆದದ್ದು. ಆ ವರ್ಷ ನಾನು ಬಾಯಿ ಬಿಟ್ಟು ನಕ್ಕಿದ್ದು ಈ ಪುಸ್ತಕ ಓದುವಾಗ ಮಾತ್ರ.

ಜೂನ್‌ನಲ್ಲಿ ಭೈರಪ್ಪನವರ ‘ಗೃಹಭಂಗ’ ಕೈಗೆತ್ತಿಕೊಂಡಾಗ ತಂಗಿ ಫೋನಿನಲ್ಲೇ ಬೈದಳು. "ಟೀವಿ ಹಾಕಿದರೆ ಕರೋನ, ನೀನು ಪುಸ್ತಕದಲ್ಲೂ ಪ್ಲೇಗ್ ಓದ್ತೀಯಾ?" ಅವಳು ಹೇಳಿದ್ದು ತಪ್ಪಲ್ಲ. ಆ ಮನೆಯ ಸಾವುಗಳನ್ನು ಓದುವಾಗ ಎರಡು ಸಲ ಪುಸ್ತಕ ಮುಚ್ಚಿಟ್ಟೆ. ಆದರೆ ನಂಜಮ್ಮ ನನ್ನನ್ನು ಬಿಡಲಿಲ್ಲ. ಗಂಡ ಮಾಡಬೇಕಾದ ಶಾನುಭೋಗಿಕೆ ಲೆಕ್ಕವನ್ನು ತಾನು ಬರೆಯುತ್ತಾಳೆ, ಮುತ್ತುಗದ ಎಲೆ ತಂದು ಹಚ್ಚುತ್ತಾಳೆ. ಮನೆ ಮುರಿದು ಬೀಳುತ್ತಿದ್ದರೂ ಅವಳ ಕೈ ಸುಮ್ಮನಿರುವುದಿಲ್ಲ. ಆಗಲೇ ನನಗೆ ಹೊಳೆದದ್ದು, ಆ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ ಪುಸ್ತಕಗಳಲ್ಲೆಲ್ಲ ಯಾರೋ ಕೆಲಸ ಮಾಡುತ್ತಿದ್ದರು. ಜೇನು ಸಾಕುತ್ತಿದ್ದರು, ಗಿಡ ಹುಡುಕುತ್ತಿದ್ದರು, ಎಲೆ ಹಚ್ಚುತ್ತಿದ್ದರು. ರೋಗಿಯ ಪಕ್ಕ ಕೂತವರಿಗೆ ದೊಡ್ಡ ಸಂಕಟ ಯಾವುದು ಹೇಳಿ? ಏನೂ ಮಾಡಲಾಗದೆ ಸುಮ್ನೆ ಕೂತಿರೋದು, ಅಲ್ವಾ? ನಂಜಮ್ಮನ ಜೊತೆ ಕೂತರೆ ನನ್ನ ಕೈಗೂ ಕೆಲಸ ಸಿಕ್ಕ ಹಾಗಾಗುತ್ತಿತ್ತು.

ಕೊನೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಇದನ್ನು ನಾನೊಬ್ಬಳೇ ಓದಲಿಲ್ಲ. ಅಮ್ಮನಿಗೆ ಕಣ್ಣು ಮಂಜಾಗಿತ್ತು. ಆಗಸ್ಟ್‌ನಲ್ಲಿ ಒಂದು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ ಅಂತ ಗಟ್ಟಿಯಾಗಿ ಓದಲು ಶುರುಮಾಡಿದೆ. ಐತ, ಪೀಂಚಲು, ಮುಕುಂದಯ್ಯ, ಇವರೆಲ್ಲ ಅವಳಿಗೆ ಸ್ವಲ್ಪ ಕಲಸಿಹೋಗುತ್ತಿದ್ದರು. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ ಮಾತ್ರ ಚೆನ್ನಾಗಿ ನೆನಪಿರುತ್ತಿದ್ದರು. ದಿನಾ ಸಂಜೆ ಅದೇ ಪ್ರಶ್ನೆ: "ಆ ನಾಯಿ ಎಲ್ಲಿಗೆ ಬಂತೇ?"

ಈ ಕಾದಂಬರಿಯನ್ನು ಎರಡು ಸಲ ಓದಿದ್ದೇನೆ ಎಂದು ಬರೆದಿದ್ದೀರಿ, ಆದ್ದರಿಂದ ನಿಮಗೆ ಹೇಳಬಹುದು. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಭಾಗ ಹತ್ತಿರ ಬಂದಾಗ ನನಗೆ ಧೈರ್ಯ ಸಾಲಲಿಲ್ಲ. ಆ ಪುಟ ಹಾರಿಸಿಬಿಡಲೇ ಅಂದುಕೊಂಡೆ. ಒಂದು ದಿನ ಗಂಟಲು ನೋವು ಅಂತ ಸುಳ್ಳೂ ಹೇಳಿದೆ. ಮರುದಿನ ಓದಿದೆ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಹೋಗಿರಬೇಕು ಅಂದುಕೊಂಡು ದೀಪ ಆರಿಸಲು ಎದ್ದೆ. "ಇನ್ನೊಂದ್ಸಲ ಓದು" ಅಂದಳು. ಓದಿದೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲನೇ ಸಲ, ತನ್ನ ತವರಿನಲ್ಲಿದ್ದ ನಾಯಿಯ ಕಥೆ ಹೇಳಿದಳು. ಆ ನಾಯಿ ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ಸಣ್ಣ ಹುಡುಗಿಯಾಗಿದ್ದ ನನ್ನ ಅಮ್ಮನೂ ಅವತ್ತೇ ನನಗೆ ಸಿಕ್ಕಿದ್ದು.

ನಿಮ್ಮ ಯಜಮಾನರೂ ಮೊದಲು ತುಂಬಾ ಓದುತ್ತಿದ್ದರು, ಈಗ 4 ಗಂಟೆಯೂ ಕಣ್ಣು ಮುಚ್ಚಿ ಮಲಗಿರುತ್ತಾರೆ ಎಂದಿದ್ದೀರಿ. ಸೂಜಿ ಚುಚ್ಚಿದ ಕೈ ಅಲ್ಲಾಡಿಸುವ ಹಾಗಿಲ್ಲ, ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಪುಟ ತಿರುಗಿಸುವುದು ಅವರಿಗೂ ಕಷ್ಟವೇ. ನೀವು ಓದಿ ಹೇಳಿ. ಒಳಗೆ ಬಿಡುತ್ತಾರಾ ಅಂತ ಅಲ್ಲಿನ ನರ್ಸಮ್ಮನನ್ನು ಒಂದು ಮಾತು ಕೇಳಿ ನೋಡಿ. ಬಿಡದಿದ್ದರೆ ಮನೆಯಲ್ಲಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೊಡಿ. ತಡವರಿಸಿದರೂ ಪರವಾಗಿಲ್ಲ, ನಿಮ್ಮ ದನಿಯೇ ಇರಲಿ.

14ನೇ ಪುಟದ ಕಾದಂಬರಿಯನ್ನು ಸದ್ಯಕ್ಕೆ ಬ್ಯಾಗಿನಿಂದ ತೆಗೆದು ಕಪಾಟಿನಲ್ಲಿಡಿ. ನನ್ನ ‘ಕರ್ವಾಲೋ’ ಪ್ರತಿಯನ್ನು ನಿನ್ನೆ ನಿಮ್ಮ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ. ಸಣ್ಣ ಪುಸ್ತಕ, ಭಾರವಿಲ್ಲ. ಹಿಂದಿರುಗಿಸಲು ಅವಸರ ಬೇಡ. ಮಂದಣ್ಣನ ಬಗ್ಗೆ ನಿಮ್ಮ ಯಜಮಾನರು ಏನಂದರು ಅಂತ ಮಾತ್ರ ಬರೆದು ತಿಳಿಸಿ.

ನಿಮ್ಮ,
ಸಂಪಾದಕಿ