ಹಳೆಯ ಕಲ್ಲಿದ್ದಲು ಗಣಿಗಳ ಗಾಳಿ ವ್ಯವಸ್ಥೆಯಲ್ಲಿ ಇಂದು ಏನು ಉಳಿದಿದೆ?

ಉಳಿದಿರುವುದು ಹೆಚ್ಚಾಗಿ ಕಟ್ಟಡ, ಯಂತ್ರವಲ್ಲ. ಗಣಿ ಮುಚ್ಚಿದಾಗ ಕಬ್ಬಿಣವೆಲ್ಲ ಗುಜರಿಗೆ ಹೋಯಿತು. ಇಟ್ಟಿಗೆಯ ಗೋಡೆ ಯಾರಿಗೂ ಬೇಡವಾಯಿತು.

ನಮ್ಮ ಕಾಸರಗೋಡಿನವರಿಗೆ ನೆಲದಡಿಗೆ ಗಾಳಿ ಹರಿಸುವ ತತ್ತ್ವ ಹೊಸದಲ್ಲ. ಬಾಯಾರು, ಪೈವಳಿಕೆಯ ಕಡೆ ನೀರಿಗಾಗಿ ಗುಡ್ಡ ಕೊರೆದ ಸುರಂಗ ಉದ್ದವಾದರೆ ಮೇಲಿನಿಂದ ಗಾಳಿಗಾಗಿ ಬಾವಿಯಂತೆ ತೋಡುತ್ತಾರೆ. ಒಳಗೆ ದೀಪ ಮಂಕಾದರೆ ಹೊರಗೆ ಬರುತ್ತಾರೆ. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಎಂಬ ಉರಿಯುವ ಅನಿಲ ಇರುವುದರಿಂದ ಅದೇ ದೀಪ ಸ್ಫೋಟಕ್ಕೆ ಕಾರಣವಾಗಬಹುದು. ಆದ್ದರಿಂದ ಗಾಳಿಯನ್ನು ಬಲವಂತವಾಗಿ ಹರಿಸಲೇಬೇಕಿತ್ತು.

ಮೊದಲು ಗಣಿಗೆ ಇಳಿಯುವ ಒಂದು ಬಾವಿಯ ತಳದಲ್ಲಿ ಕುಲುಮೆ ಉರಿಸುತ್ತಿದ್ದರು. ಬಿಸಿಗಾಳಿ ಅದರಲ್ಲಿ ಮೇಲೇರಿದಂತೆ ಇನ್ನೊಂದು ಬಾವಿಯಿಂದ ತಾಜಾ ಗಾಳಿ ಇಳಿಯುತ್ತಿತ್ತು. 1862ರಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಗಣಿಯ ಏಕೈಕ ಬಾವಿ ಮುಚ್ಚಿಹೋಗಿ 204 ಜನ ಸತ್ತರು. ಅದೇ ವರ್ಷ ಎರಡು ದಾರಿ ಇರಲೇಬೇಕೆಂಬ ಕಾನೂನು ಬಂತು. ಎಷ್ಟು ತಡವಾಗಿ!

ಬಳಿಕ ಉಗಿಯಂತ್ರದ ಫ್ಯಾನುಗಳು ಬಂದವು. ಬೆಲ್ಜಿಯಂನ ಎಂಜಿನಿಯರ್ ಗಿಬಾಲ್ ತನ್ನ ದೈತ್ಯ ಫ್ಯಾನನ್ನು ಇಟ್ಟಿಗೆಯ ಕವಚದೊಳಗೆ ಕೂರಿಸಿ, ಮೇಲಕ್ಕೆ ಅಗಲವಾಗುವ ಚಿಮಣಿಯ ಮೂಲಕ ಗಾಳಿ ಬಿಟ್ಟ. ಪಾಳುಬಿದ್ದ ಫ್ಯಾನ್ ಮನೆಯನ್ನು ಗುರುತಿಸಲು ಆ ಕವಚದ ಬಾಗಿದ ಗೋಡೆಯನ್ನೂ ಬಾವಿಗೆ ಸೇರುವ ಗಾಳಿ ಕಾಲುವೆಯನ್ನೂ ಹುಡುಕಬೇಕು. ಇಂಗ್ಲೆಂಡಿನ ಸಾಲ್ಟ್‌ಬರ್ನ್ ಸಮೀಪ ಹಂಟ್‌ಕ್ಲಿಫ್‌ನ ಕಡಲ ಬಂಡೆಯ ಮೇಲೆ ಅಂಥದೊಂದು ಇಂದಿಗೂ ನಿಂತಿದೆ. ಅದು ಕಬ್ಬಿಣದ ಅದಿರಿನ ಗಣಿಯದು, ಆದರೆ ವಿನ್ಯಾಸ ಅದೇ. ಒಳಗೆ ಫ್ಯಾನ್ ಇಲ್ಲ, ಅದರ ಆಕಾರ ಮಾತ್ರ ಇಟ್ಟಿಗೆಯಲ್ಲಿ ಉಳಿದಿದೆ.