ಗುಂಡು ಹಾಕಿದವನಿಗೆ ಗುಂಡು ತಾಗಲ್ಲ

"ಎರಡು ಪೆಗ್ ಬಿದ್ರೇನೇ ನಂಗೆ ಬಾಯಿ ಬರೋದು ಮೇಡಂ." ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬರುವ ಎಷ್ಟು ಜನರಿಂದ ಈ ಮಾತನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೈಸೂರು ಕಡೆಯವರು, ಟೆಕ್ಸಸ್‌ನಲ್ಲಿ ಕೆಲಸ. ಹೆಂಡತಿಯ ಒತ್ತಾಯಕ್ಕೆ ವೀಡಿಯೊ ಕಾಲ್‌ಗೆ ಬಂದಿದ್ದರು. ಕುಡಿಯುವುದು ಶನಿವಾರ ಮಾತ್ರ. ಅವತ್ತು ಆಫೀಸಿನವರ ಜೊತೆ ಕ್ಯಾರಿಯೋಕೆ. ಇವರದು ಯಾವಾಗಲೂ ಒಂದೇ ಹಾಡು: ಟ್ರಾವಿಸ್ ಟ್ರಿಟ್ ಅವರ 'ಟೆನ್ ಫೀಟ್ ಟಾಲ್ ಅಂಡ್ ಬುಲೆಟ್‌ಪ್ರೂಫ್', 1994ರದು, ಅಮೆರಿಕದ ಕಂಟ್ರಿ ಶೈಲಿಯ ಹಾಡು. ಕುಡಿದಾಗ ಹತ್ತಡಿ ಎತ್ತರ ಆದಂತೆ, ಮೈಗೆ ಗುಂಡೇ ತಾಗದಂತೆ ಅನಿಸುವುದರ ಬಗ್ಗೆ. ಬುಲೆಟ್ಟಿಗೂ ಬ್ರಾಂಡಿಗೂ ಒಂದೇ ಪದ ಇಟ್ಟುಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾ!

"ಕುಡಿದಾಗ ಚೆನ್ನಾಗಿ ಹಾಡ್ತೀನಿ" ಅಂದರು. ವೀಡಿಯೊ ಇದೆಯಾ, ಕುಡಿಯದೇ ಇರುವಾಗ ನೋಡಿದ್ದೀರಾ ಅಂತ ಕೇಳಿದೆ. ನೋಡಿರಲಿಲ್ಲ. ಮೂರನೇ ಭೇಟಿಯಲ್ಲಿ ಇಬ್ಬರೂ ಒಟ್ಟಿಗೆ ನೋಡಿದೆವು. ಇವರು ಮೈಕ್ ನುಂಗುವ ಹಾಗೆ ಹಿಡಿದು ಕೂಗುತ್ತಿದ್ದಾರೆ. ಮುಂದಿನ ಟೇಬಲ್ಲಿನವರು ಫೋನ್ ನೋಡುತ್ತಿದ್ದಾರೆ. ಹೆಂಡತಿ ಟೇಬಲ್ ಮೇಲಿದ್ದ ಕಾರಿನ ಕೀಯನ್ನು ಮೆಲ್ಲಗೆ ಎಳೆದು ಬ್ಯಾಗಿಗೆ ಹಾಕಿಕೊಂಡರು. ಇವರು ಅಲ್ಲಿ ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನೋಡಿದರು. ಆಮೇಲೆ ಅಂದರು, "ನಾನು ಎತ್ತರ ಆಗಿಲ್ಲ ಮೇಡಂ. ಉಳಿದೋರು ಕೂತಿದ್ದಾರೆ ಅಷ್ಟೇ."

ನಾನು ಸುಮ್ಮನಿದ್ದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಆಮೇಲೆ ಫ್ರಾನ್ಸಿನಲ್ಲಿ ನಡೆದ ಒಂದು ಪ್ರಯೋಗ ಹೇಳಿದೆ. 2013ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಮದ್ಯ ಕುಡಿದಿದ್ದೇವೆ ಅಂತ ನಂಬಿದವರು, ತಾವು ಎಷ್ಟು ಆಕರ್ಷಕ ಅನ್ನುವುದಕ್ಕೆ ತಮಗೇ ಜಾಸ್ತಿ ಅಂಕ ಕೊಟ್ಟುಕೊಂಡರು, ಗ್ಲಾಸಿನಲ್ಲಿ ಮದ್ಯವೇ ಇಲ್ಲದವರೂ ಕೂಡ. ಅವರ ವೀಡಿಯೊ ನೋಡಿದ ಬೇರೆಯವರಿಗೆ ಅಂಥ ವಿಶೇಷವೇನೂ ಕಾಣಲಿಲ್ಲ.

ಕೊಟ್ಟ ಸಲಹೆ ಇಷ್ಟು. ಮೊದಲ ಹಾಡು ಕುಡಿಯದೆ, ಕೈ ನಡುಗಿದರೂ ಸರಿ. ಕುಡಿಯುವುದಾದರೆ ಆಮೇಲೆ, ಅದೂ ಕೀಯನ್ನು ಹೆಂಡತಿಗೆ ಕೊಟ್ಟು. ಕೀ ವಿಷಯಕ್ಕೆ ವಾದ ಮಾಡಿದರು: ಗಾಡಿ ಓಡಿಸಲು ನಮ್ಮಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ ಮಿತಿ, ಟೆಕ್ಸಸ್‌ನಲ್ಲಿ 80, ಅಂದರೆ ಅಲ್ಲಿ ನಡೆಯುತ್ತೆ ಅಲ್ವಾ? ಮಿತಿ ದಾಟಿದ್ದೇನಾ ಅಂತ ಲೆಕ್ಕ ಹಾಕಬೇಕಾದ ತಲೆಯೇ ಮೊದಲು ಮಂಕಾಗುವುದು ಅಂದೆ. ಈ ಒಂದರಲ್ಲಿ ನಾನು ಬಗ್ಗಲಿಲ್ಲ.

'ಪೂರ್ತಿ ಬಿಡಿ ಅಂತ ಯಾಕೆ ಹೇಳಲಿಲ್ಲ?' ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹೇಳಬಹುದಿತ್ತು. ಬಾಟಲಿ ಕಿತ್ತುಕೊಂಡರೆ ಜನರ ಮುಂದೆ ನಿಲ್ಲುವ ಅವರ ಭಯ ಹಾಗೇ ಉಳಿಯುತ್ತಿತ್ತು, ಅವರು ನನ್ನ ಹತ್ತಿರ ಬರುವುದನ್ನೇ ಬಿಡುತ್ತಿದ್ದರು. ದಿನಾ ಜಾಸ್ತಿ ಕುಡಿಯುವವರಾಗಿದ್ದರೆ ಮೊದಲು ಡಾಕ್ಟರ್ ಹತ್ತಿರವೇ ಕಳಿಸುತ್ತಿದ್ದೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮನೆಯವರು ಇದನ್ನು ದಯವಿಟ್ಟು ನೆನಪಿಡಿ. ಕರ್ನಾಟಕದಲ್ಲಿರುವವರು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಬಹುದು.

ಎರಡು ತಿಂಗಳ ನಂತರ ಇನ್ನೊಂದು ವೀಡಿಯೊ ಬಂತು. ದನಿ ಸಣ್ಣಗಿತ್ತು. ಎರಡನೇ ಚರಣ ಮರೆತು ನಿಂತುಬಿಟ್ಟರು. ಹಿಂದಿನಿಂದ ಯಾರೋ ಸಾಲು ಎತ್ತಿಕೊಟ್ಟರು.